ನಾನೂರ ಹನ್ನೆರಡನೇ ಕೋಣೆ

ಬಲಗಣ್ಣಿನ ಗಾಜನ್ನು ಎಡಕ್ಕೂ ಎಡಗಣ್ಣಿನದನ್ನು ಬಲಕ್ಕೂ ಕೂರಿಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಸನ್ಮಾನ ಮಾಡುವವನ ಹಾಗೆ ಎರಡೂ ಕೈಯಲ್ಲಿ ಹಿಡಿದು ಅವನು ಕೊಟ್ಟ ಕನ್ನಡಕವನ್ನು ನಿವೃತ್ತ ಗುಮಾಸ್ತರು ಮೂಗಿಗೇರಿಸಿಕೊಂಡರು. ಅಂಗಡಿಯನ್ನೊಮ್ಮೆ ನೋಡಿ, ಗೋಡೆಯ ಗಡಿಯಾರ ನೋಡಿ, ಕೊನೆಗೆ ಅವನ ಮುಖಕ್ಕೆ ಬಂದು ನಿಂತು, "ಎಲ್ಲಾ ಚೆನ್ನಾಗಿ ಕಾಣ್ತಿದೆ ಕಣಪ್ಪಾ, ಆದ್ರೆ ನೀನು ಇಬ್ರಿದ್ದೀಯ" ಎಂದರು. ಮಾಲೀಕರು ಕುರ್ಚಿಯಿಂದ ಏಳದೆ ಕೈ ಮಾತ್ರ ಚಾಚಿದರು. "ಒಬ್ಬನ್ನ ಇಟ್ಕೊಂಡೇ ಸುಸ್ತಾಗಿದೀನಿ ಸಾರ್, ಇಬ್ರನ್ನ ಎಲ್ಲಿ ಸಾಕಲಿ. ಕೊಡಿ ಇಲ್ಲಿ." ಗುಮಾಸ್ತರು ನಕ್ಕರು. ಮಾಲೀಕರೂ ನಕ್ಕರು. ಅವನೂ ನಗಬೇಕಾಯಿತು. ನಕ್ಕ ಮೇಲೆ ಇಂಥ ಕಡೆ ಒಗೆಯಬೇಕಾದ ಡೈಲಾಗು ನಾಲಿಗೆಯ ತುದಿಗೆ ಬಂದು ನಿಂತು, "ಈ ಕೈ ತಪ್ಪು ಮಾಡಲ್ಲ ಸಾರ್, ಮಾಡಿದ್ರೆ ಅದು ತಪ್ಪೇ ಅಲ್ಲ" ಎಂದು ಹೊರಗೆ ಬೀಳುವುದರಲ್ಲಿತ್ತು. ಬಾಯಿ ಮುಚ್ಚಿಕೊಂಡ. ಎಂಟು ತಿಂಗಳಿಂದ ಅವನ ಡೈಲಾಗುಗಳು ಹೀಗೆ ಬಾಗಿಲವರೆಗೆ ಬಂದು ವಾಪಸು ಹೋಗುತ್ತಿದ್ದವು. ಗಡಿಯಾರದಲ್ಲಿ ಮೂರೂಕಾಲು. ಆರು ಗಂಟೆಗೆ ಕೋಣೆ ಬಿದ್ದುಹೋಗುತ್ತದೆ.

ಕೋಣೆ ಇಟ್ಟಿಗೆ ಗಾರೆಯದಲ್ಲ. ಅದಿರುವುದು ಒಂದು ಆಟದಲ್ಲಿ. ಚಿತ್ರ ಇಲ್ಲ, ಸದ್ದು ಇಲ್ಲ, ಗುಂಡು ಹಾರುವುದಿಲ್ಲ, ಬರೀ ಅಕ್ಷರ. "ಬಡಗಣಕ್ಕೆ ಹೋಗು" ಎಂದು ಟೈಪು ಮಾಡಿದರೆ ಬಡಗಣದ ಕೋಣೆ ಹೇಗಿದೆಯೆಂದು ನಾಲ್ಕು ಸಾಲು ಬರುತ್ತದೆ, ಅಲ್ಲಿ ಯಾರಿದ್ದಾರೆಂದು ಒಂದು ಸಾಲು, ಮಾತಾಡಿಸಿದರೆ ಅವರು ಟೈಪು ಮಾಡಿ ಮಾತಾಡುತ್ತಾರೆ. ಅಷ್ಟೇ. ಅಷ್ಟಕ್ಕೇ ಅರವತ್ತು ಎಪ್ಪತ್ತು ಜನ ಊಟ ನಿದ್ದೆ ಬಿಟ್ಟು ಬರುತ್ತಿದ್ದರು. ನಾನೂರಕ್ಕೂ ಹೆಚ್ಚು ಕೋಣೆ, ಒಂದೊಂದಕ್ಕೂ ಬಾಗಿಲು, ಬಾಗಿಲಿಗೆ ಲಾಕು, ಅಂದರೆ ಯಾರನ್ನು ಬಿಡಬೇಕು ಯಾರನ್ನು ಬಿಡಬಾರದು ಎನ್ನುವ ಒಂದು ಸಾಲಿನ ನಿಯಮ. ಬರುವವರಿಗೆ ದರ್ಜೆ: ಗೆಸ್ಟು, ಪ್ಲೇಯರು, ಕೋಣೆ ಕಟ್ಟಬಲ್ಲ ಬಿಲ್ಡರು, ಎಲ್ಲರ ಮೇಲೆ ಅಡ್ಮಿನ್ನು. ಅಡ್ಮಿನ್ನುಗಳು ಇಬ್ಬರೇ. ಒಬ್ಬರು ಆಟ ಶುರುಮಾಡಿದ ಮೇಷ್ಟ್ರು, ಹಗಲು ಹೊತ್ತು ಭೂಗೋಳ ಪಾಠ ಮಾಡುವವರು. ಇನ್ನೊಬ್ಬ ಇವನು. ಲಾಕುಗಳ ಉಸ್ತುವಾರಿ ಇವನದಾದ್ದರಿಂದ ಮೇಷ್ಟ್ರು ಚಿಲಕ ಎಂದು ಹೆಸರಿಟ್ಟಿದ್ದರು. ಈಗ ಅಮ್ಮ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು. ಆಟ ಈ ಸಂಜೆ ಹೊಸ ಸರ್ವರಿಗೆ ಹೋಗುವುದಿತ್ತು. ಬೆಳಿಗ್ಗೆ ಮೇಷ್ಟ್ರ ಸಂದೇಶ ಬಂದಿತ್ತು: ಎಲ್ಲರ ಪರ್ಮಿಷನ್ನೂ ಎಲ್ಲ ಲಾಕೂ ಆರರೊಳಗೆ ಪರೀಕ್ಷಿಸು, ಕಟ್ಟಿದವನನ್ನು ಬಿಟ್ಟು ಇನ್ನೊಬ್ಬರು ಕಾಲಿಡದ ಕೋಣೆಗಳನ್ನು ಹೊತ್ತುಕೊಂಡು ಹೋಗುವುದಿಲ್ಲ, ಅಲ್ಲೇ ಅಳಿಸಿಬಿಡೋದು. ಹಾಗೆ ಅಳಿಯಬೇಕಾದ ಕೋಣೆಗಳ ಪಟ್ಟಿ ಜೊತೆಗಿತ್ತು. ಹನ್ನೆರಡು ಕೋಣೆ. ಕೊನೆಯದು ನಾನೂರ ಹನ್ನೆರಡು. ಕಟ್ಟಿದವನು: ಚಿಲಕ.

ಗಾಜು ತೆಗೆಯುವ ಪುಟ್ಟ ಸ್ಕ್ರೂಡ್ರೈವರು ಬೆರಳಿಂದ ಜಾರಿ ಬಿತ್ತು. ಬಗ್ಗಿ ಹುಡುಕುವಾಗ ಮೇಜಿನ ಕೆಳಗಿನ ಕತ್ತಲು ಅವನಿಗೆ ಹಿತವೆನಿಸಿತು. ಚಿಕ್ಕವನಿದ್ದಾಗ ಅಕ್ಕ ಕಂಪ್ಯೂಟರಿನ ಮೇಜಿನ ಕೆಳಗೆ ಅವನನ್ನು ಕೂರಿಸುತ್ತಿದ್ದಳು. ಮೇಲೆ ತಾನು ಆಡುತ್ತ, ಕೆಳಗಿರುವವನಿಗೆ ಕಾಲ್ಬೆರಳಿಂದ ತಿವಿದು ಈಗ ಸೇತುವೆ, ಈಗ ಬಾವಿ ಎಂದು ತೋರಿಸುತ್ತಿದ್ದಳು. ಅಕ್ಕನಿಗೆ ಮಾತು ತಡೆಯುತ್ತಿತ್ತು. ಮೊದಲ ಅಕ್ಷರದ ಹತ್ತಿರ ಗಂಟಲಲ್ಲಿ ಏನೋ ಅಡ್ಡ ನಿಲ್ಲುತ್ತಿತ್ತು. ಅಂಗಡಿಯವನು, ಬಸ್ಸಿನವನು, ನೆಂಟರು, ಎಲ್ಲರೂ ಅವಳ ವಾಕ್ಯವನ್ನು ತಾವೇ ಮುಗಿಸಿ ಉಪಕಾರ ಮಾಡುತ್ತಿದ್ದರು. ಆಟದೊಳಗೆ ಮಾತ್ರ ಅವಳ ಬಾಯಿ ಅಂದರೆ ಬಾಯಿ, ಎದುರು ನಿಂತವನನ್ನು ಮೂರೇ ಸಾಲಿನಲ್ಲಿ ನೆಲಕ್ಕೆ ಉರುಳಿಸುತ್ತಿದ್ದಳು. ಅವನನ್ನು ಆಟಕ್ಕೆ ಸೇರಿಸಿದವಳೇ ಅವಳು. ಅವನು ಅಡ್ಮಿನ್ನಾದ ದಿನ, "ಅಯ್ಯೋ ದೇವರೇ, ಮಂಗನ ಕೈಗೆ ಬೀಗದ ಕೈ" ಎಂದು ಆಟದ ಇಡೀ ಊರಿಗೆ ಕೇಳುವಂತೆ ಬರೆದಿದ್ದಳು. ಬರೆದದ್ದರಲ್ಲಿ ಏನೂ ತಪ್ಪಿರಲಿಲ್ಲ. ಅಡ್ಮಿನ್ನಿಗೆ ಬಾಗಿಲು ತೆರೆಯುತ್ತದೆ ಅನ್ನುವುದಕ್ಕಿಂತ ಅಡ್ಮಿನ್ನನ್ನು ಬಾಗಿಲು ಕೇಳುವುದೇ ಇಲ್ಲ ಅನ್ನಬೇಕು. ಲಾಕು ಏನೇ ಹೇಳಲಿ, ಅವನು ನಡೆದರೆ ಒಳಗೆ. ಮೊದಮೊದಲು ಪುಳಕ, ಆಮೇಲೆ ಚಟ. ಒಂದು ಮಧ್ಯಾಹ್ನ ಹೀಗೇ ನಡೆಯುತ್ತ ನಡೆಯುತ್ತ ಆಟದಲ್ಲಿ ಅಕ್ಕನಿಗಿದ್ದ ಅಂಚೆಪೆಟ್ಟಿಗೆಯೊಳಗೆ ಹೋಗಿದ್ದ. ಅಂಬಿಗ ಅನ್ನುವ ಅಡ್ಡಹೆಸರಿನ ಯಾರಿಗೋ ಅವಳು ಬರೆದಿದ್ದಳು: ಇಲ್ಲಿ ನನ್ನ ಮಾತನ್ನು ಯಾರೂ ಮುಗಿಸಿಕೊಡುವುದಿಲ್ಲ, ಯಾರೂ ಕನಿಕರದಿಂದ ನೋಡುವುದಿಲ್ಲ, ಇಲ್ಲಿ ಬಂದ ಮೇಲೆ ನನಗೂ ಧ್ವನಿ ಇದೆ ಅಂತ ಗೊತ್ತಾಯಿತು.

ಅದೇ ವಾರ ಚಿಕ್ಕಮ್ಮನ ಮನೆಯವರೆಲ್ಲ ಊಟಕ್ಕೆ ಬಂದಿದ್ದರು. ಬಡಿಸುತ್ತಿದ್ದ ಅಮ್ಮ "ಏನಾದ್ರೂ ಆಕ್ಟಿಂಗ್ ಮಾಡೋ" ಎಂದಳು. ಎಂದಿನಂತೆ ಎಲ್ಲರೂ ಅಂದರು. ಅವನು ಎದ್ದು, ಒಗೆದ ಟವೆಲನ್ನು ಸೆರಗು ಮಾಡಿಕೊಂಡು, ಕಣ್ಣಲ್ಲಿ ಗ್ಲಿಸರಿನ್ ಇಲ್ಲದೆಯೇ ನೀರು ತಂದುಕೊಂಡು, ಕಟ್ಟಕಡೆಯ ರೀಲಿನ ನಾಯಕಿಯ ದನಿಯಲ್ಲಿ, "ನನಗೂ ಧ್ವನಿ ಇದೆ ಅಂಬಿಗಾ" ಎಂದ. ಅದೂ ಸರಾಗವಾಗಿ ಅಲ್ಲ. ಧ್ವನಿಯ ಧ ಹತ್ತಿರ ಮೂರು ಸಲ ತಡೆದು ತಡೆದು. ಆ ತಡೆಯುವುದು ಮೊದಲೇ ಯೋಚಿಸಿದ್ದಲ್ಲ. ಬಾಯಿಗೆ ತಾನಾಗಿ ಬಂತು. ಚಪ್ಪಾಳೆಯ ಆಸೆಗೆ ಬಾಯಿ ಏನು ಬೇಕಾದರೂ ಮಾಡುತ್ತದೆ. ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. ಅರ್ಥವಾಗದ ಅಮ್ಮನೂ ನಕ್ಕಳು. ಅಕ್ಕ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಳು. ತನ್ನದೊಂದನ್ನೇ ಅಲ್ಲ, ಎಲ್ಲರ ಪಾತ್ರೆಗಳನ್ನೂ, ಅವರಿನ್ನೂ ತಿನ್ನುತ್ತಿರುವಾಗಲೇ, ಒಂದೊಂದಾಗಿ ಕಿತ್ತುಕೊಂಡು. ಅಂದಿನಿಂದ ಒಂದೇ ಮನೆಯಲ್ಲಿ ಇಬ್ಬರ ನಡುವಿನ ಮಾತೆಲ್ಲ ಅಮ್ಮನ ಮೂಲಕ. "ಬಾತ್ರೂಮು ಖಾಲಿಯಾಯ್ತು ಅಂತ ಅವನಿಗೆ ಹೇಳು." ಅವನು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಿದ್ದ. ಅಮ್ಮ ಅವನತ್ತ ತಿರುಗಿ, "ಖಾಲಿಯಂತೆ" ಎನ್ನುತ್ತಿದ್ದಳು, ದೂರದರ್ಶನದಲ್ಲಿ ಭಾಷಾಂತರ ಮಾಡುವವಳ ಹಾಗೆ.

"ಲೋ, ಮೇಜಿನ ಕೆಳಗೆ ಮನೆ ಮಾಡಿದ್ಯೇನೋ" ಎಂದರು ಮಾಲೀಕರು. ಅವನು ಮೇಲೆದ್ದ. ಗಾಜು ಬದಲಿಸಿ ಕೊಟ್ಟ. ಗುಮಾಸ್ತರು, "ಈಗ ಒಬ್ನೇ. ಆದ್ರೆ ಮೊದಲಿನವನೇ ಸ್ವಲ್ಪ ಚೆನ್ನಾಗಿದ್ದ" ಎಂದು ಹೇಳಿ ಹೊರಟರು.

ಅವರು ಹೋದ ಮೇಲೆ ಡ್ರಾಯರಿನಲ್ಲಿ ಫೋನಿಟ್ಟುಕೊಂಡು ಪರೀಕ್ಷೆ ಮುಂದುವರಿಸಿದ. ಪರೀಕ್ಷೆಯೆಂದರೆ ನಡಿಗೆ. ಕೋಣೆಯಿಂದ ಕೋಣೆಗೆ ನಡೆಯುವುದು, ಬಾಗಿಲು ತೆರೆದರೆ ಸರಿ ಎಂದು ಗುರುತು ಹಾಕುವುದು. ಬೆಳಗಿನಿಂದ ಮುನ್ನೂರು ಬಾಗಿಲು ದಾಟಿದ್ದ. ಎಲ್ಲ ಸರಿ, ಸರಿ, ಸರಿ. ಕೊನೆಗೆ ನಾನೂರ ಹನ್ನೆರಡು. ಒಳಗೆ ಹೋಗಿ ನಿಂತ. ತಾನೇ ಬರೆದ ನಾಲ್ಕು ಸಾಲು: ಒಂದು ಮೇಜು, ಮೇಜಿನ ಕೆಳಗೆ ಒಬ್ಬ ಕೂರುವಷ್ಟು ಜಾಗ, ಮೇಜಿನ ಮೇಲೆ ಒಂದು ಕಾಗದ. ಕಾಗದದಲ್ಲಿ ಕ್ಷಮಾಪಣೆ. ಒಂದೂ ಡೈಲಾಗಿಲ್ಲದೆ ಅವನು ಬರೆದ ಏಕೈಕ ಬರಹ ಅದು; ಬರೆಯಲು ಆರು ದಿನ ಹಿಡಿದಿತ್ತು. ಬಾಗಿಲ ಲಾಕಿಗೆ ಎರಡು ಷರತ್ತು: ಒಂದು, ಅಕ್ಕನ ಹೆಸರೇ ಇರಬೇಕು, ಎರಡು, ಅವಳಿಗಿದ್ದ ಬಿಲ್ಡರ್ ದರ್ಜೆ ಇರಬೇಕು, ಯಾರೋ ಪೋಲಿ ಅವಳನ್ನೇ ಹೋಲುವ ಹೆಸರಿಟ್ಟುಕೊಂಡು ನುಗ್ಗದಿರಲಿ ಎಂದು. ನುಗ್ಗಲು ಬಂದವರಿಗೆ ಬಾಗಿಲು ಹೇಳುವ ಒಂದು ಸಾಲನ್ನೂ ಇಟ್ಟಿದ್ದ. ಅಲ್ಲಿ ಮಾತ್ರ ಕೈ ತಡೆಯಲಾಗದೆ ಡೈಲಾಗು ಜಾರಿತ್ತು: "ಈ ಮುಖಕ್ಕೆ ಈ ಬಾಗಿಲಾ? ಮೊದಲು ಕನ್ನಡಿ ನೋಡ್ಕೊಂಡು ಬಾ." ಕಟ್ಟಿದ ದಿನವೇ ತಾನು ಬಾಗಿಲು ದಾಟಿ ನೋಡಿದ್ದ. ತೆರೆದಿತ್ತು. ಸರಿ.

ಕಟ್ಟಿದ್ದೇನೋ ಕಟ್ಟಿದ; ಹೇಳುವುದಕ್ಕೆ ಧೈರ್ಯ ಬರಲಿಲ್ಲ. ನಾಳೆ ಹೇಳೋಣ, ಭಾನುವಾರ ಹೇಳೋಣ ಎಂದುಕೊಳ್ಳುತ್ತ ಆ ಊಟದ ದಿನದಿಂದ ಎಣಿಸಿದರೆ ಮೂವತ್ತೈದು ದಿನ ತಳ್ಳಿದ. ಕೊನೆಗೊಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ, "ಅಮ್ಮಾ, ಕೋಣೇಲಿ ಒಂದು ಕಾಗದ ಇದೆ ನೋಡ್ಕೋ ಅಂತ ಅವಳಿಗೆ ಹೇಳು, ನಾನೂರ ಹನ್ನೆರಡು" ಎಂದ. ಅಮ್ಮ, "ನಮ್ಮನೇಲಿ ಇರೋದೇ ಮೂರು ಕೋಣೆ" ಎಂದು ಗೊಣಗಿ, ಅಟ್ಟದ ಮೇಲೆ ಕೂಡ ಹುಡುಕಿ, ಕೊನೆಗೆ ಹೇಳಿದಳು. ಅಕ್ಕ ತಲೆ ಎತ್ತಲಿಲ್ಲ. ಅವನು ದಿನಾ ಕೋಣೆಗೆ ಹೋಗಿ ನೋಡುತ್ತಿದ್ದ. ಕಾಗದ ಇಟ್ಟ ಹಾಗೇ ಇತ್ತು, ಓದಿದ ಗುರುತಿಲ್ಲ. ಮೊದಲು ಕಾದ. ಆಮೇಲೆ ನೊಂದುಕೊಂಡ. ನೊಂದುಕೊಳ್ಳುವುದರಲ್ಲಿ ಒಂದು ಸುಖವಿತ್ತು. ಬಾಗಿಲು ತೆರೆದಿಟ್ಟವನು ತಾನು, ಬರದವಳು ಅವಳು, ಈಗ ಲೆಕ್ಕ ಸಮ ಎನ್ನುವಂಥ ಸುಖ. ಏಳು ತಿಂಗಳು ಆ ಸುಖದ ಮೇಲೆ ಕಾಲುಚಾಚಿ ಮಲಗಿದ್ದ.

ಫೋನು ನಡುಗಿತು. ಮೇಷ್ಟ್ರು. ಹಿನ್ನೆಲೆಯಲ್ಲಿ ಶಾಲೆ ಬಿಟ್ಟ ಗದ್ದಲ.

"ಏನಪ್ಪಾ ಚಿಲಕ, ಎಲ್ಲೀವರೆಗೆ ಬಂತು?"

"ಮುಗೀತು ಮೇಷ್ಟ್ರೇ. ಎಲ್ಲಾ ಬಾಗಿಲೂ ತೆಗೀತಿವೆ."

"ಎಲ್ಲಾ ಬಾಗಿಲೂ ತೆಗೆದ್ರೆ ಅದಕ್ಕೆ ಲಾಕು ಯಾಕಪ್ಪಾ, ತೋರಣ ಕಟ್ಟಿದ್ರೆ ಸಾಕಿತ್ತಲ್ಲ. ಕೆಳಗಿಳಿದು ನೋಡಿದ್ಯಾ?"

"ನೋಡ್ದೆ."

"ನಿಮ್ಮಕ್ಕನ ಆಣೆಗೂ?"

ಲಾಕು ಪರೀಕ್ಷಿಸುವವನು ಮೊದಲು "ಇಳಿ" ಎಂದು ಟೈಪು ಮಾಡಿ ತನ್ನ ದರ್ಜೆಯನ್ನು ಗೆಸ್ಟಿನ ಮಟ್ಟಕ್ಕೆ ಇಳಿಸಿಕೊಳ್ಳಬೇಕು, ಮುಗಿದ ಮೇಲೆ "ಏರು" ಎಂದು ಮತ್ತೆ ಏರಬೇಕು. ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟಿದ್ದ ಪಾಠ. ಅವನು ಒಂದು ಸಲವೂ ಇಳಿದಿರಲಿಲ್ಲ. ಇಳಿದರೆ ಹೆಸರಿನ ಮುಂದಿನ ನಕ್ಷತ್ರ ಹೋಗುತ್ತಿತ್ತು. ಪರದೆಯ ಮೇಲೆ ಯಾರೋ ಪರಿಚಯವಿಲ್ಲದ ಬಡವನ ಹಾಗೆ ಕಾಣುತ್ತಿದ್ದ. "ಇಳಿದು ನೋಡೋ ಮಾರಾಯ" ಎಂದರು ಮೇಷ್ಟ್ರು, "ಕುರ್ಚಿ ಮೇಲೆ ನಿಂತವನಿಗೆ ಹೊಸ್ತಿಲು ಎಡವುತ್ತೋ ಇಲ್ವೋ ಹೆಂಗೆ ಗೊತ್ತಾಗಬೇಕು. ಆರಕ್ಕೆ ಮೀರಿದ್ರೆ ನಾನು ಕಾಯಲ್ಲ."

ಇಳಿದ. ನಕ್ಷತ್ರ ಹೋಯಿತು. ಗೆಸ್ಟಿಗೆ ಬಾಗಿಲು ತೆರೆಯಬಾರದು, ಅದು ಗೊತ್ತಿದ್ದದ್ದೇ. ಆದರೂ ನಾನೂರ ಹನ್ನೆರಡರ ಮುಂದೆ ನಿಂತು "ಒಳಗೆ ಹೋಗು" ಎಂದಾಗ ಪರದೆಯ ಮೇಲೆ ತನ್ನದೇ ಸಾಲು ಮೂಡಿದ್ದು ಕೆನ್ನೆಗೆ ಬಿದ್ದಂತಾಯಿತು. ಈ ಮುಖಕ್ಕೆ ಈ ಬಾಗಿಲಾ? ಮೊದಲು ಕನ್ನಡಿ ನೋಡ್ಕೊಂಡು ಬಾ. ತಲೆ ಎತ್ತಿದ. ಕನ್ನಡಕದಂಗಡಿಯಲ್ಲಿ ಕನ್ನಡಿಗಳಿಗೆ ಏನು ಬರ. ಹದಿನಾರು ಕನ್ನಡಿ, ಹದಿನಾರರಲ್ಲೂ ಅದೇ ಮುಖ. ಇದನ್ನು ಬರೆದಾಗ ಎಷ್ಟು ಚೆನ್ನಾಗಿದೆ ಎಂದು ತಾನೇ ನಕ್ಕಿದ್ದ. ಈಗ ಹೊರಗೆ ನಿಂತು ಓದಿದರೆ ನಗುವಂಥದ್ದೇನೂ ಅದರಲ್ಲಿರಲಿಲ್ಲ. ಗೆಸ್ಟನ್ನು ಬಿಡಲಿಲ್ಲ, ಸರಿ. ಅಕ್ಕನನ್ನು ಬಿಡುತ್ತದೋ? ಪರ್ಮಿಷನ್ ಪಟ್ಟಿಯಲ್ಲಿ ಅವಳ ಹೆಸರು ಹುಡುಕಿದ. ಹೆಸರಿನ ಮುಂದೆ ಬಿಲ್ಡರ್ ಇರಲಿಲ್ಲ. ಪ್ಲೇಯರ್ ಕೂಡ ಇರಲಿಲ್ಲ. ಗೆಸ್ಟ್.

ಯಾರು ಕಿತ್ತದ್ದು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಮೂವತ್ತು ದಿನ ತಲೆ ಹಾಕದವರ ದರ್ಜೆ ಕಿತ್ತುಹಾಕುವ ಸ್ವಚ್ಛತಾ ಕಾರ್ಯ ಅವನದೇ ಯೋಜನೆ. ಅವತ್ತು ಮೂವತ್ತೊಂದು ಜನರನ್ನು ಒಂದೇ ಆಜ್ಞೆಯಲ್ಲಿ ಇಳಿಸಿ, "ಇದು ಟ್ರೇಲರ್ ಅಷ್ಟೇ ಮಕ್ಕಳಾ" ಎಂದು ಊರಿಗೆಲ್ಲ ಸಾರಿದ್ದ. ಹೆಸರುಗಳನ್ನು ಓದಿರಲಿಲ್ಲ. ಅಕ್ಕ ಆಟಕ್ಕೆ ಬರುವುದು ಬಿಟ್ಟು ಅಂದಿಗೆ ಮೂವತ್ತು ದಿನ ಕಳೆದಿತ್ತು. ಬಿಟ್ಟದ್ದು ಯಾಕೆಂದು ಗೊತ್ತಿದ್ದವನು ಅವನೊಬ್ಬನೇ. ಮೂವತ್ತೈದನೇ ದಿನ ಅವಳಿಗೆ ಹೇಳಿ ಕಳಿಸಿದ: ಬಾ, ಕಾಗದ ಇದೆ.

ಬಾಗಿಲು ವಾಪಸು ಕಳಿಸಿದವರ ಪಟ್ಟಿಯೊಂದಿರುತ್ತದೆ. ಯಾರೂ ಅದನ್ನು ನೋಡುವುದಿಲ್ಲ, ಸೋತವರ ಪಟ್ಟಿ ಯಾರಿಗೆ ಬೇಕು. ನೋಡಲು ಮತ್ತೆ ಏರಬೇಕಾಯಿತು. ನಾನೂರ ಹನ್ನೆರಡು ಎಂದು ಕೊಟ್ಟ. ಅಕ್ಕನ ಹೆಸರು ಸಾಲಾಗಿ ಬಂತು. ಅಮ್ಮ ಹೇಳಿದ ದಿನವೇ, ಬೆಳಿಗ್ಗೆ ಎಂಟು ಐದಕ್ಕೆ. ಅವನು ಇನ್ನೂ ಬಾಯಿ ಮುಕ್ಕಳಿಸುತ್ತಿದ್ದಿರಬೇಕು. ಎಂಟು ಏಳಕ್ಕೆ ಮತ್ತೆ. ಎಂಟೂವರೆಗೆ. ಆ ವಾರ ನಾಲ್ಕು ಸಲ. ಆಮೇಲೆ ತಿಂಗಳಿಗೊಮ್ಮೆ. ಕೊನೆಯದು ಹೋದ ಭಾನುವಾರ. ಒಟ್ಟು ಹನ್ನೊಂದು. ನಡುನಡುವೆ ಯಾರೋ ಗೆಸ್ಟುಗಳೂ ಇದ್ದರು, ಅವರನ್ನು ಎಣಿಸಲಿಲ್ಲ. ಹನ್ನೊಂದು ಸಲ ಅವಳು ಬಂದು ಬಾಗಿಲು ತಳ್ಳಿದ್ದಳು, ಹನ್ನೊಂದು ಸಲ ಬಾಗಿಲು ಅವನ ದನಿಯಲ್ಲಿ ಅವಳ ಮುಖ ಎಂಥದೆಂದು ಹೇಳಿತ್ತು. ಕರೆಸಿ ಬಯ್ದ ಹಾಗೆ. ಅವಳ ಜಾಗದಲ್ಲಿ ಯಾರೇ ಇದ್ದರೂ ತಿಳಿಯುವುದು ಒಂದೇ: ಇದೂ ಅವನದೊಂದು ಆಕ್ಟಿಂಗು. ಹಾಗೆ ತಿಳಿದೂ ಅವಳು ಭಾನುವಾರ ಬಂದಿದ್ದಳು.

ಲಾಕು ಬದಲಿಸಲು ಒಂದು ನಿಮಿಷ ಸಾಕಾಯಿತು. ದರ್ಜೆಯ ಷರತ್ತು ತೆಗೆದ. ಕೋಣೆಯನ್ನು ಅವಳ ಹೆಸರಿಗೇ ಬರೆದ. ಬಾಗಿಲ ಸಾಲನ್ನು ಅಳಿಸಿ ಏನೂ ಇಡಲಿಲ್ಲ, ಕೈ ಓಡಲಿಲ್ಲ. ಆಮೇಲೆ ಅಮ್ಮನಿಗೆ ಫೋನು ಮಾಡಿದ, ಅಮ್ಮ ಹಲೋ ಅಂದಳು, ಅವನು ಇಟ್ಟುಬಿಟ್ಟ. ಮತ್ತೆ ಅದೇ ದಾರಿಯಲ್ಲಿ ಹೇಳಿ ಕಳಿಸಿದರೆ ಅವಳು ಹನ್ನೆರಡನೇ ಸಲ ಬರಲು ಹುಚ್ಚಿಯೇ? ಐದೂ ಐದು. "ಸಾರ್, ಹಲ್ಲು ನೋವು" ಎಂದ. ಮಾಲೀಕರು, "ಕಣ್ಣು ನೋವು ಅನ್ನು, ಅಂಗಡಿಗಾದ್ರೂ ಗೌರವ" ಎಂದು ಕೈ ಬೀಸಿದರು.

ಅಕ್ಕ ಕೆಲಸ ಮಾಡುವ ಲ್ಯಾಬು ಎರಡು ಬೀದಿ ಆಚೆ, ಔಷಧಿ ಅಂಗಡಿಯ ಮೇಲಿನ ಮಹಡಿ. ಹಲ್ಲಿನ ಸೆಟ್ಟು ಮಾಡುವ ಜಾಗ. ಮೆಟ್ಟಿಲ ತುದಿಯಲ್ಲಿ ಸಾಲಾಗಿ ಬಿಟ್ಟ ಚಪ್ಪಲಿ, ಅವುಗಳ ಮೇಲೆಲ್ಲ ಬಿಳಿ ಪುಡಿ, ಬಾಗಿಲಿಗೆ ಅಂಟಿಸಿದ ಹಾಳೆ: ಚಪ್ಪಲಿ ಹೊರಗೆ, ಹೊರಗಿನವರೂ ಹೊರಗೆ. ಅವಳು ಕೆಲಸಕ್ಕೆ ಸೇರಿದ ಈ ಐದು ವರ್ಷದಲ್ಲಿ ಅವನು ಇಲ್ಲಿಗೆ ಬಂದಿರಲಿಲ್ಲ. ಬಾಗಿಲು ಅರ್ಧ ತೆರೆದೇ ಇತ್ತು. ಅಭ್ಯಾಸಬಲದಿಂದ ತಳ್ಳಿದ. ಒಳಗಿನಿಂದ ಒಂದು ಕೈ ವಾಪಸು ತಳ್ಳಿತು.

"ಯಾರಪ್ಪಾ ನೀನು?" ದಪ್ಪ ಕನ್ನಡಕದ ಒಬ್ಬ ಹಿರಿಯಳು. ಕೈಯಲ್ಲಿ ಯಾರದೋ ಕೆಳದವಡೆ.

"ಅಕ್ಕ ಇದಾರಾ?"

"ಇಲ್ಲಿ ಎಲ್ಲರೂ ಅಕ್ಕಂದಿರೇ. ಯಾವ ಅಕ್ಕ ಬೇಕು?"

ಹೆಸರು ಹೇಳಿದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಓ. ಆಕ್ಟರು." ದವಡೆಯಿಂದಲೇ ಬಾಗಿಲ ಹೊರಗಿನ ಬೆಂಚು ತೋರಿಸಿದಳು. "ಕೂತ್ಕೋ. ಕೇಳ್ತೀನಿ. ಸರಿ ಅಂದ್ರೆ ಬರ್ತಾಳೆ, ಬೇಡ ಅಂದ್ರೆ ನೀನು ಮೆಟ್ಟಿಲಿಳಿ."

ಕೂತ. ಒಳಗೆ ಮೋಟಾರು ಗುಂಯ್ ಎನ್ನುತ್ತಿತ್ತು. ಐದೂ ಇಪ್ಪತ್ತು, ಐದೂ ಮೂವತ್ತು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲಿ ಜೋಡಿಸಿದ. ಜೋಡಿಸಿದ್ದೆಲ್ಲ ಯಾವುದೋ ಸಿನಿಮಾದ ಕೊನೆಯ ದೃಶ್ಯದ ಹಾಗೆ ಕೇಳುತ್ತಿತ್ತು, ಹಿಂದಿನಿಂದ ಪಿಟೀಲು ಬೇರೆ. ಎಲ್ಲವನ್ನೂ ಎಸೆದ. ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಮೊಣಕೈವರೆಗೆ ಬಿಳಿ ಪುಡಿ, ಹುಬ್ಬಿನ ಮೇಲೂ. ಅವನ ತಲೆಯ ಮೇಲಿನ ಗೋಡೆ ನೋಡುತ್ತಿದ್ದಳು. ಇಲ್ಲಿ ಹೇಳಿ ಕಳಿಸಲು ಅಮ್ಮ ಇರಲಿಲ್ಲ.

"ಅಕ್ಕಾ, ಆ ಬಾಗಿಲು," ಎಂದ. ಗಂಟಲಲ್ಲಿ ಏನೋ ಅಡ್ಡ ನಿಂತಿತು. ನಿಜವಾಗಿಯೇ ನಿಂತಿತು, ಮುಂದಿನ ಅಕ್ಷರ ಬರಲಿಲ್ಲ. ಅಣಕಿಸುತ್ತಿದ್ದಾನೆಂದು ತಿಳಿದಾಳು ಎಂದು ಹೆದರಿ ಇನ್ನೂ ಒದ್ದಾಡಿದ. ಅಕ್ಕ ಅವನ ವಾಕ್ಯ ಮುಗಿಸಿಕೊಡಲಿಲ್ಲ. ಕಾದಳು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

"ಬಾಗಿಲು ನಿನ್ನನ್ನ ಬಿಡಬೇಕಿತ್ತು. ನಿನ್ನ ದರ್ಜೆ ಕಿತ್ತಿದ್ದು ನಾನೇ, ನೋಡದೆ. ನಾನು ಹೋದ್ರೆ ತೆಗೀತಿತ್ತು, ಅದಕ್ಕೆ ಸರಿ ಇದೆ ಅನ್ಕೊಂಡೆ. ಆ ಸಾಲು ನಿಂಗೆ ಬರೆದಿದ್ದಲ್ಲ. ಹನ್ನೊಂದು ಸಲ ಬಂದಿದ್ದೀಯ, ಇವತ್ತು ನೋಡ್ದೆ."

"ಹ... ಹದಿನಾಲ್ಕು" ಎಂದಳು ಅಕ್ಕ.

"ಪಟ್ಟೀಲಿ ಹನ್ನೊಂದೇ ಇರೋದು."

"ಮೂರು ಸಲ ಬೇರೆ ಹೆಸರಿನ ಗೆಸ್ಟಾಗಿ ಬಂದೆ. ನನ್ನ ಹೆ... ಹೆಸರಿಗೆ ಮಾತ್ರ ಬಯ್ಯುತ್ತೋ, ಎಲ್ಲರಿಗೂನೋ ಅಂತ."

ಕೆಳಗೆ ಔಷಧಿ ಅಂಗಡಿಯಲ್ಲಿ ಯಾರೋ ಚಿಲ್ಲರೆಗೆ ಜಗಳವಾಡುತ್ತಿದ್ದರು. "ಎಲ್ಲರಿಗೂ ಬಯ್ಯುತ್ತೆ" ಎಂದ ಅವನು. "ಇವತ್ತು ನಂಗೂ ಬಯ್ತು."

ಅಕ್ಕನ ಬಾಯಿಯ ಒಂದು ಮೂಲೆ ಅಲುಗಿತೋ ಇಲ್ಲವೋ. "ಒ... ಒಳ್ಳೇದಾಯ್ತು" ಎಂದಳು.

"ಆರಕ್ಕೆ ಕೋಣೆ ಅಳಿಸ್ತಾರೆ. ಈಗ ಅದು ನಿಂದು. ಓದು, ಇಲ್ಲ ಬಿಡು. ಬೈಯೋದಿದ್ರೆ ಬೈ."

ಅವಳು ಒಳಗೆ ಹೋದಳು. ಬಾಗಿಲು ಮುಚ್ಚಿತು. ಐದೂ ನಲವತ್ತು.

ಬೆಂಚಿನ ಮೇಲೆ ಫೋನು ಹಿಡಿದು ಕೂತ. ಕೋಣೆ ಅವಳ ಹೆಸರಿನಲ್ಲಿದ್ದರೇನು, ಅಡ್ಮಿನ್ನಿಗೆ ಅದೆಲ್ಲ ಅಡ್ಡಿಯಲ್ಲ, ನಡೆದರೆ ಒಳಗೆ. ಅವಳು ಬಂದಳೋ, ಕಾಗದ ಎತ್ತಿಕೊಂಡಳೋ, ಹರಿದಳೋ, ಎಲ್ಲ ಕಾಣುತ್ತದೆ. ಹೆಬ್ಬೆರಳು ಪರದೆಯ ಮೇಲೆ ಅಲೆದಾಡಿತು. ಕೊನೆಗೆ "ಇಳಿ" ಎಂದು ಹೊಡೆದ. ನಕ್ಷತ್ರ ಹೋಯಿತು. ಮಾಡಿದ್ದಕ್ಕೆ ತನ್ನ ಬಗ್ಗೆ ತನಗೇ ಹೆಮ್ಮೆ ಬಂತು, ಮುಂದಿನ ಗಳಿಗೆ ಆ ಹೆಮ್ಮೆಗೆ ನಾಚಿಕೆಯಾಯಿತು, ಅದರ ಮುಂದಿನ ಗಳಿಗೆ ಬೆರಳು ತಾನಾಗಿ "ಏ" ಎಂದು ಟೈಪು ಮಾಡಿತ್ತು. ಅಳಿಸಿದ. ಐದೂ ಐವತ್ತು. ಮತ್ತೆ "ಏ". ಮತ್ತೆ ಅಳಿಸಿದ. ಒಳಗೆ ಮೋಟಾರಿನ ಸದ್ದು ನಿಂತಿತ್ತು. ಹಿರಿಯಳ ದನಿ ಏನೋ ಕೇಳಿತು, ಉತ್ತರ ಬರಲಿಲ್ಲ. ಐದೂ ಐವತ್ತಾರು. ಐವತ್ತೆಂಟು. ಮೇಷ್ಟ್ರು ಒಂದು ಸಾಲು ಕಳಿಸಿದರು: ಹೊರಡ್ತಿದೀವಿ, ಅಳಿಸೋ ಪಟ್ಟೀಲಿ ಹನ್ನೊಂದು ಕೋಣೆ.

ಹನ್ನೆರಡಿತ್ತು. ಅವನು ಎರಡು ಸಲ ಓದಿದ.

ಆರೂ ಹತ್ತಕ್ಕೆ ಆಟ ಹೊಸ ಸರ್ವರಿನಲ್ಲಿ ಎದ್ದಿತು. ನಕ್ಷತ್ರವಿಲ್ಲದ ಹೆಸರಿನಲ್ಲಿ, ಗೆಸ್ಟುಗಳು ನಡೆಯುವ ಸುತ್ತುದಾರಿಯಲ್ಲಿ, ಕೋಣೆ ಕೋಣೆಗೂ ಕೇಳಿಕೊಂಡು ನಡೆದ. ಎರಡು ಕಡೆ ಬಿಡಲಿಲ್ಲ, ಒಂದು ಕಡೆ ಯಾವನೋ ಹೊಸಬ "ದಾರಿ ತಪ್ಪಿದ್ಯಾ ತಮ್ಮಾ" ಎಂದ. ಕೊನೆಗೆ ನಾನೂರ ಹನ್ನೆರಡು. ಬಾಗಿಲ ಮೇಲೆ ಅವನು ಖಾಲಿ ಬಿಟ್ಟಿದ್ದ ಜಾಗ. "ಒಳಗೆ ಹೋಗು" ಎಂದ. ಬಾಗಿಲು ತೆರೆಯಲಿಲ್ಲ. ಅದರ ಬದಲು ಒಂದು ಸಾಲು ಬಂತು, ಎಲ್ಲೂ ತಡೆಯದೆ, ಸರಾಗವಾಗಿ:

"ಒಳಗೆ ಎರಡನೇ ಸಲ ಓದ್ತಾ ಇದ್ದಾರೆ. ಚಪ್ಪಲಿ ಬಿಟ್ಟು ಹೊರಗೆ ಕೂತ್ಕೋ, ಆಕ್ಟರ್."

ಅವನು ಬಗ್ಗಿ ನೋಡಿದ. ಚಪ್ಪಲಿ ಕಾಲಲ್ಲೇ ಇತ್ತು. ತೆಗೆದು, ಆ ಬಿಳಿ ಪುಡಿಯ ಸಾಲಿನ ಕೊನೆಯಲ್ಲಿ ಜೋಡಿಸಿ, ಬಂದು ಮತ್ತೆ ಬೆಂಚಿನ ಮೇಲೆ ಕೂತ.